ನಡುರಾತ್ರಿಯಲ್ಲಿ ಮೀನಖಂಡ ಹಿಡಿದರೆ

ಯಾವಾಗಲೂ ನಾನು ನಿಮ್ಮೊಡನೆ ಬೀಜ, ಗೊಬ್ಬರ, ಕೀಟಬಾಧೆಯ ಮಾತಾಡುವವನು. ಈ ಹೊತ್ತು ಬೆಳೆಯ ವಿಚಾರ ಸ್ವಲ್ಪ ಪಕ್ಕಕ್ಕಿಟ್ಟು, ಬೆಳೆ ಬೆಳೆಯುವವರ ಕಾಲಿನ ವಿಚಾರ ಹೇಳೋಣವೆಂದಿದ್ದೇನೆ. ನಾನು ವೈದ್ಯನಲ್ಲ. ವೈದ್ಯರನ್ನು ಕೇಳಿ ತಿಳಿದುಕೊಂಡದ್ದನ್ನೇ ನಿಮಗೆ ಹೇಳುತ್ತೇನೆ.

ಒಂದು ಸಲ ವಿಶ್ವೇಶ್ವರಯ್ಯ ನಾಲೆ ಬಯಲಿನ ಒಂದು ಹಳ್ಳಿಯಲ್ಲಿ ಸಾಲು ನಾಟಿಯ ಪ್ರಾತ್ಯಕ್ಷಿಕೆ ಇತ್ತು. ಬೆಳಗಿನಿಂದ ಸಂಜೆಯವರೆಗೆ ಕೆಸರುಗದ್ದೆಯಲ್ಲಿ ನಿಂತು, ರಾತ್ರಿ ಅಲ್ಲೇ ಒಬ್ಬ ರೈತರ ಮನೆಯಲ್ಲಿ ಮಲಗಿದೆ. ನಡುರಾತ್ರಿ ಇರಬಹುದು, ಬಲಗಾಲಿನ ಮೀನಖಂಡ ಇದ್ದಕ್ಕಿದ್ದಂತೆ ಹಿಡಿದುಕೊಂಡು ಕಲ್ಲುಗುಂಡಿನಂತೆ ಗಟ್ಟಿಯಾಯಿತು. ಎದ್ದು ಕೂತು ಕಾಲು ಹಿಡಿದುಕೊಂಡು ಒದ್ದಾಡಿದೆ. ಆ ಮನೆಯ ಅಜ್ಜಿ ದೀಪ ಹಾಕಿ ಬಂದು, “ಕೂತ್ಕಂಡು ಒದ್ದಾಡಬ್ಯಾಡ ಮಗ. ಗ್ವಾಡೆ ಹಿಡ್ಕಂಡು ಎದ್ದು ನಿಂತ್ಕೊ. ಹಿಮ್ಮಡೀನ ನೆಲಕ್ಕೂರು” ಅಂದರು. ಹಾಗೇ ಮಾಡಿದೆ. ಒಂದು ನಿಮಿಷದೊಳಗೆ ಬಿಗಿ ಬಿಟ್ಟಿತು. ಆಮೇಲೆ ವೈದ್ಯರನ್ನು ಕೇಳಿದರೆ ಅವರು ಹೇಳಿದ್ದೂ ಅಜ್ಜಿಯ ಮಾತನ್ನೇ.

ನಮ್ಮ ಜನ ಇದನ್ನು ನರ ಎಳೀತು ಅನ್ನುತ್ತಾರೆ, ವಾಯು ಹಿಡೀತು ಅನ್ನುತ್ತಾರೆ. ನಿಜವಾಗಿ ಹಿಡಿದುಕೊಳ್ಳುವುದು ಮಾಂಸಖಂಡ. ಅದು ಏಕೆ ಹಿಡಿಯುತ್ತದೆ? ಎತ್ತಿನ ಉದಾಹರಣೆ ತೆಗೆದುಕೊಳ್ಳಿ. ನೀವು ಹೊಡೆದರೆ ಎತ್ತು ಎಳೆಯುತ್ತದೆ, ನಿಲ್ಲು ಅಂದರೆ ನಿಲ್ಲುತ್ತದೆ. ನಮ್ಮ ಖಂಡಕ್ಕೆ ನರವೇ ಹಾಗೆ ಅಪ್ಪಣೆ ಕೊಡುವುದು. ದಣಿದ ಖಂಡದಲ್ಲಿ ಕೆಲವು ಸಲ ‘ಎಳೆ, ಎಳೆ’ ಎಂಬ ಅಪ್ಪಣೆ ಒಂದರ ಮೇಲೊಂದು ಬಂದು, ‘ಬಿಡು’ ಎಂಬುದೇ ಬಾರದೆ ಹೋಗುತ್ತದೆ. ಮಲಗಿದಾಗ ಪಾದ ಕೆಳಕ್ಕೆ ಬಾಗಿ, ಮೀನಖಂಡ ಮೊದಲೇ ಕುಗ್ಗಿರುತ್ತದೆ. ಕುಗ್ಗಿದ್ದು ಇನ್ನಷ್ಟು ಕುಗ್ಗಿದರೆ ಹಿಡಿದುಕೊಳ್ಳುತ್ತದೆ. ಆದ್ದರಿಂದಲೇ ಇದು ರಾತ್ರಿ ಹೆಚ್ಚು.

ಇದು ಯಾರಿಗೆ ಹೆಚ್ಚು? ದಿನವೆಲ್ಲಾ ನಿಂತು ಅಥವಾ ಬಗ್ಗಿ ದುಡಿಯುವವರಿಗೆ, ಬಿಸಿಲಲ್ಲಿ ಬೆವರು ಸುರಿಸಿ ನೀರು ಕುಡಿಯದವರಿಗೆ, ಐವತ್ತು ದಾಟಿದವರಿಗೆ, ದಿನ ತುಂಬುತ್ತಿರುವ ಬಸುರಿಯರಿಗೆ. ಸಕ್ಕರೆ ಕಾಯಿಲೆ, ಮೂತ್ರಪಿಂಡದ ಕಾಯಿಲೆ ಇದ್ದವರಿಗೂ, ನೀರು ಹೋಗುವ ಮಾತ್ರೆ ನುಂಗುವವರಿಗೂ ಬರುವುದುಂಟು. ಅಂಥ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಕೊಟ್ಟ ವೈದ್ಯರಿಗೆ ತಿಳಿಸಿ. ಎಷ್ಟೋ ಜನರಲ್ಲಿ ಯಾವ ಕಾಯಿಲೆಯೂ ಇರುವುದಿಲ್ಲ, ದಣಿವೊಂದೇ.

ಹಿಡಿದ ಕೂಡಲೇ ಹೀಗೆ ಮಾಡಿ. ಮಂಡಿ ನೆಟ್ಟಗೆ ಮಾಡಿ, ಕಾಲ್ಬೆರಳುಗಳನ್ನು ನಿಧಾನವಾಗಿ ನಿಮ್ಮ ಮುಖದ ಕಡೆಗೆ ಎಳೆದುಕೊಳ್ಳಿ. ಕೈಗೆಟುಕದಿದ್ದರೆ ಪಾದದ ಮುಂಭಾಗಕ್ಕೆ ಟವಲ್ ಸುತ್ತಿ ಎಳೆಯಿರಿ. ಜಗ್ಗಿ ಎಳೆಯಬಾರದು. ಮೈಯಲ್ಲಿ ಶಕ್ತಿಯಿದ್ದವರು ಗೋಡೆ ಹಿಡಿದು ನಿಂತು ಹಿಮ್ಮಡಿ ಊರಬಹುದು. ವಯಸ್ಸಾದವರು ಮಾತ್ರ ಕತ್ತಲಲ್ಲಿ ಧಡಕ್ಕನೆ ಏಳಬಾರದು. ಸೆಳೆತ ಹತ್ತು ನಿಮಿಷದಲ್ಲಿ ಹೋಗುತ್ತದೆ, ಬಿದ್ದು ಸೊಂಟದ ಮೂಳೆ ಮುರಿದರೆ ತಿಂಗಳುಗಟ್ಟಲೆ ಹಾಸಿಗೆ. ಅವರು ಕೂತಲ್ಲೇ ಟವಲ್ ಬಳಸಲಿ. ಬಿಗಿ ಬಿಟ್ಟ ಮೇಲೆ ಖಂಡವನ್ನು ಮೆಲ್ಲಗೆ ನೀವಿ, ಬಿಸಿನೀರಲ್ಲಿ ಹಿಂಡಿದ ಬಟ್ಟೆಯಿಂದ ಹಿತವಾಗಿ ಶಾಖ ಕೊಡಿ. ಸಕ್ಕರೆ ಕಾಯಿಲೆಯಿಂದ ಕಾಲು ಜೋಮು ಹಿಡಿದವರಿಗೆ ಶಾಖ ಬೇಡ, ಸುಟ್ಟರೂ ಗೊತ್ತಾಗುವುದಿಲ್ಲ. ಮಾರನೆಯ ದಿನ ಸ್ವಲ್ಪ ನೋವು ಉಳಿದರೆ ಹೆದರಬೇಡಿ.

ಬರದಂತೆ ತಡೆಯುವುದು ಹೇಗೆ? ಮಲಗುವ ಮುಂಚೆ, ಕೈ ಚಾಚಿದರೆ ಗೋಡೆ ಮುಟ್ಟುವಷ್ಟು ದೂರ ನಿಲ್ಲಿ. ಅಂಗೈಗಳನ್ನು ಗೋಡೆಗೆ ಊರಿ. ಒಂದು ಕಾಲು ಹಿಂದಿಡಿ. ಆ ಕಾಲಿನ ಮಂಡಿ ನೆಟ್ಟಗಿರಲಿ, ಹಿಮ್ಮಡಿ ನೆಲ ಬಿಡದಿರಲಿ. ಈಗ ಮೈಯನ್ನು ಮುಂದಕ್ಕೆ ಬಾಗಿಸಿ. ಮೀನಖಂಡ ಹಿಗ್ಗಿದ್ದು ತಿಳಿಯುತ್ತದೆ. ನಿಧಾನವಾಗಿ ಹತ್ತು ಎಣಿಸಿ ಬಿಡಿ. ಒಂದೊಂದು ಕಾಲಿಗೆ ಮೂರು ಸಲ. ನೆದರ್‌ಲೆಂಡ್ಸ್ ದೇಶದಲ್ಲಿ 55 ವರ್ಷ ದಾಟಿದ 80 ಜನರನ್ನು ಎರಡು ಗುಂಪು ಮಾಡಿ ನಡೆಸಿದ ಪರೀಕ್ಷೆಯೊಂದು 2012ರಲ್ಲಿ ಪ್ರಕಟವಾಯಿತು. ಮಲಗುವ ಮುಂಚೆ ಮೀನಖಂಡವನ್ನೂ ತೊಡೆಯ ಹಿಂಭಾಗವನ್ನೂ ಹೀಗೆ ಹಿಗ್ಗಿಸಿದ ಗುಂಪಿಗೆ 6 ವಾರದಲ್ಲಿ ಸೆಳೆತವೂ ನೋವೂ ಕಡಿಮೆಯಾದವು. ಕಾಸಿನ ಖರ್ಚಿಲ್ಲದ ಮದ್ದು ಇದು.

ಹೊಲಕ್ಕೆ ಹೋಗುವಾಗ ನೀರಿನ ತಂಬಿಗೆ ಮರೆಯಬೇಡಿ. ಬಾಯಾರಿಕೆಗೆ ಕಾಯದೆ ಆಗಾಗ್ಗೆ ಕುಡಿಯಿರಿ. ಬೆವರು ಹೆಚ್ಚಾದ ದಿನ ಉಪ್ಪು ಹಾಕಿದ ನೀರುಮಜ್ಜಿಗೆ ಒಳ್ಳೆಯದು. ಆದರೆ ರಕ್ತದೊತ್ತಡ, ಹೃದಯ, ಮೂತ್ರಪಿಂಡದ ಕಾಯಿಲೆ ಇದ್ದವರು ಉಪ್ಪಿನ ವಿಚಾರ ವೈದ್ಯರನ್ನು ಕೇಳಬೇಕು. ರಾತ್ರಿ ಕಂಬಳಿಯನ್ನು ಪಾದಕ್ಕೆ ಬಿಗಿಯಾಗಿ ಸುತ್ತಿಕೊಳ್ಳಬೇಡಿ.

ಅಂಗಡಿಯಲ್ಲಿ ಕೇಳಿ ಮಾತ್ರೆ ನುಂಗುವ ಚಾಳಿ ಬೇಡ. ಮಲೇರಿಯಾಕ್ಕೆ ಕೊಡುವ ಕ್ವಿನೈನನ್ನು ಹಿಂದೆ ಈ ಸೆಳೆತಕ್ಕೂ ಕೊಡುತ್ತಿದ್ದರು. ಅದು ರಕ್ತವನ್ನು ಕೆಡಿಸಿ ಪ್ರಾಣಕ್ಕೇ ಅಪಾಯ ತರಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಇಲಾಖೆ 2010ರಲ್ಲಿ ಎಚ್ಚರಿಕೆ ಕೊಟ್ಟಿತು. ಮೆಗ್ನೀಸಿಯಂ ಮಾತ್ರೆಯಿಂದಲೂ ವಯಸ್ಸಾದವರಿಗೆ ಹೇಳಿಕೊಳ್ಳುವಂಥ ಗುಣ ಪರೀಕ್ಷೆಗಳಲ್ಲಿ ಕಂಡಿಲ್ಲ.

ಇನ್ನು ಮುಖ್ಯವಾದ ಮಾತು. ಕಾಲು ನೋವೆಲ್ಲಾ ಸೆಳೆತವಲ್ಲ. ಈ ನಾಲ್ಕನ್ನು ಮನೆಮಂದಿಯೆಲ್ಲಾ ನೆನಪಿಡಿ.

ಒಂದು: ಒಂದೇ ಕಾಲು ಊದಿ, ಬಿಸಿಯಾಗಿ, ನೋವು ಬಿಡದೆ ಇದ್ದರೆ ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಬಸುರಿ ಬಾಣಂತಿಯರಲ್ಲಿ ಇದು ವಿಶೇಷ ಎಚ್ಚರದ ಮಾತು. ಎಣ್ಣೆ ಹಚ್ಚಿ ನೀವಲೇಬೇಡಿ. ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಹೋದರೆ ಪ್ರಾಣಾಪಾಯ. ಅಂದೇ ಆಸ್ಪತ್ರೆಗೆ ಹೋಗಿ.

ಎರಡು: ನಡೆದರೆ ಮೀನಖಂಡ ನೋಯುತ್ತದೆ, ನಿಂತರೆ ಬಿಡುತ್ತದೆ ಎಂದರೆ ರಕ್ತ ಹೋಗುವ ನಾಳ ಕಿರಿದಾಗಿರಬಹುದು. ಬೀಡಿ ಸೇದುವವರಲ್ಲೂ ಸಕ್ಕರೆ ಕಾಯಿಲೆಯವರಲ್ಲೂ ಇದು ಹೆಚ್ಚು. ವೈದ್ಯರಿಗೆ ತೋರಿಸಿ.

ಮೂರು: ಔಷಧಿ ಸಿಂಪಡಿಸಿ ಬಂದವನಿಗೆ ಖಂಡಗಳು ಅದುರಿ, ಬೆವರು, ಜೊಲ್ಲು ಸುರಿದು, ವಾಂತಿಯಾಗಿ, ಕಣ್ಣು ಮಂಜಾದರೆ ಅದು ದಣಿವಲ್ಲ, ಕೀಟನಾಶಕದ ವಿಷ. ಬಟ್ಟೆ ಬಿಚ್ಚಿಸಿ, ಸೋಪು ಹಾಕಿ ಮೈ ತೊಳೆಸಿ, ಔಷಧಿ ಡಬ್ಬಿಯ ಸಮೇತ ತಕ್ಷಣ ಆಸ್ಪತ್ರೆಗೆ ಸಾಗಿಸಿ. 108ಕ್ಕೆ ಫೋನು ಮಾಡಿ. ತೊಳೆಯುವವರು ಕೈಗೆ ರಬ್ಬರ್ ಚೀಲ ಹಾಕಿಕೊಳ್ಳಲಿ.

ನಾಲ್ಕು: ವಾಂತಿಭೇದಿಯಾಗಿ ಕಾಲು ಸೆಳೆದರೆ ಮೈಯ ನೀರು, ಉಪ್ಪು ಬತ್ತಿದೆ ಎಂದರ್ಥ. ಓ.ಆರ್.ಎಸ್. ಪೊಟ್ಟಣ ಕರಗಿಸಿ ಕುಡಿಸುತ್ತಾ ಆಸ್ಪತ್ರೆಗೆ ಹೊರಡಿ. ಪೊಟ್ಟಣ ಇಲ್ಲದಿದ್ದರೆ ಕಾಯಿಸಿ ಆರಿಸಿದ 1 ಲೀಟರ್ ನೀರಿಗೆ ಚಹಾ ಚಮಚದಲ್ಲಿ ಸಮಮಟ್ಟವಾಗಿ 6 ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು.

ಸೆಳೆತ ವಾರಕ್ಕೆ ಹಲವು ಸಲ ಬಂದು ನಿದ್ದೆ ಕೆಡಿಸಿದರೂ, ಕಾಲಿಗೆ ಜೋಮು, ನಿಶ್ಶಕ್ತಿ ಬಂದರೂ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಬನ್ನಿ. ನಾಟಿ ಮುಗಿಯಲಿ, ಕುಯ್ಲು ಮುಗಿಯಲಿ ಎಂದು ಮುಂದೂಡಬೇಡಿ.

ಉಳಿದವರು ಈ ರಾತ್ರಿಯಿಂದಲೇ ಗೋಡೆಗೆ ಕೈಯೂರಿ ಹತ್ತು ಎಣಿಸುವ ಅಭ್ಯಾಸ ಹಾಕಿಕೊಳ್ಳಿ. ಗದ್ದೆಯಿಂದ ಬಂದು ಒಲೆ ಮುಂದೆ ಮತ್ತೆ ನಿಲ್ಲುವ ನಿಮ್ಮ ಮನೆಯ ಹೆಣ್ಣುಮಕ್ಕಳಿಗೆ ಮೊದಲು ಹೇಳಿಕೊಡಿ. ಕಾಲು ಹೆಚ್ಚು ದಣಿಯುವುದು ಅವರದೇ.