ಕ್ರಿಮಿನಾಲಜಿ ಕಲಿತರೆ ಏನು ಕೆಲಸ?

ಡಿಗ್ರಿ ರಿಸಲ್ಟ್ ಬಂದ ಮೇಲೆ ತೊಕ್ಕೊಟ್ಟಿನ ಮನೆಗಳಲ್ಲಿ ಮಾತು ಬಿ.ಎಡ್., ಎಂ.ಕಾಂ., ಇಲ್ಲವೇ ಗಲ್ಫ್ ವೀಸಾದ ಸುತ್ತಲೇ ತಿರುಗುತ್ತದೆ. ನಡುವೆ ಮಗಳು 'ಕ್ರಿಮಿನಾಲಜಿ' ಎಂದರೆ ಉಮ್ಮನಿಗೆ ಗಾಬರಿ. ''ಪೊಲೀಸು, ಕೋರ್ಟು ಅಂತ ಅಲೆಯುವ ಕೆಲಸ ನಮಗ್ಯಾಕೆ?'' ಠಾಣೆಯನ್ನು ದೂರು ಕೊಡಲು, ಪಾಸ್‌ಪೋರ್ಟ್ ವೆರಿಫಿಕೇಶನ್‌ಗೆ ಮಾತ್ರ ಕಂಡವರಿಗೆ ಹಾಗನಿಸುವುದು ಸಹಜ. ಆದರೆ ಮೇಜಿನ ಆಚೆ ಬದಿಯಲ್ಲೂ ನಮ್ಮ ಮಕ್ಕಳು ಕೂರಬೇಕಲ್ಲವೇ?

ಈ ಕೋರ್ಸಿಗೆ ದೂರ ಹೋಗಬೇಕಾಗಿಯೂ ಇಲ್ಲ. ನೇತ್ರಾವತಿ ಸೇತುವೆ ದಾಟಿದರೆ ಮಂಗಳೂರಿನ ರೋಶನಿ ನಿಲಯದಲ್ಲಿ ಅಪರಾಧಶಾಸ್ತ್ರ ಮತ್ತು ವಿಧಿವಿಜ್ಞಾನದ ಎಂ.ಎಸ್ಸಿ. ಇದೆ. ಹಾಸ್ಟೆಲಿಗೆ ಒಪ್ಪುವವರಿಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾನಿಲಯವೂ ಇದೆ.

2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ, ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧ ನಡೆದಲ್ಲಿಗೆ ವಿಧಿವಿಜ್ಞಾನ ತಜ್ಞರು ಹೋಗಿ ಸಾಕ್ಷ್ಯ ಸಂಗ್ರಹಿಸಬೇಕು. ಇದನ್ನು ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷದವರೆಗೆ ಅವಕಾಶ ಕೊಟ್ಟಿದ್ದಾರೆ. ಅಂದರೆ ಜನ ಬೇಕೇ ಬೇಕು.

ಟಿವಿ ಧಾರಾವಾಹಿ ನೋಡಿ ಸೇರುವವರು ಮಾತ್ರ ಸ್ವಲ್ಪ ನಿಲ್ಲಿ. ಲ್ಯಾಬ್ ಹುದ್ದೆಗೆ ಸಾಮಾನ್ಯವಾಗಿ ವಿಜ್ಞಾನದ ಪದವಿ ಕೇಳುತ್ತಾರೆ. ಸರಕಾರಿ ಅಭಿಯೋಜಕರಾಗಲು ಕಾನೂನು ಪದವಿಯೇ ಬೇಕು. ಪಿಎಸ್‌ಐ ಆಗಲು ಯಾವುದೇ ಪದವಿ ಸಾಕು, ಆದರೆ ದೈಹಿಕ ಪರೀಕ್ಷೆ, ಲಿಖಿತ ಪರೀಕ್ಷೆ ದಾಟಬೇಕು. ಕ್ರಿಮಿನಾಲಜಿ ಅಲ್ಲಿ ತಿಳಿವಳಿಕೆ ಕೊಡುತ್ತದೆ, ನೇಮಕಾತಿ ಪತ್ರ ಕೊಡುವುದಿಲ್ಲ.

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು ಪ್ರೊಬೇಶನ್ ಅಧಿಕಾರಿಯ ಕೆಲಸ. 2015ರ ಬಾಲನ್ಯಾಯ ಕಾಯ್ದೆಯಡಿ ಹದಿನೆಂಟು ತುಂಬದ ಹುಡುಗನೊಬ್ಬ ಮಂಡಳಿಯ ಮುಂದೆ ಬಂದರೆ, ಹದಿನೈದು ದಿನದೊಳಗೆ ಅವನ ಮನೆ, ಶಾಲೆ, ಗೆಳೆಯರ ಬಗ್ಗೆ ವಿಚಾರಿಸಿ ವರದಿ ಕೊಡಬೇಕು. ಅವನು ಆ ದಾರಿಗೆ ಯಾಕೆ ಬಂದ, ಅಪ್ಪ ದುಬೈಯಲ್ಲಿದ್ದಾನಾ, ಶಾಲೆ ಯಾವಾಗ ಬಿಟ್ಟ, ಗಾಂಜಾ ಎಲ್ಲಿಂದ ಸಿಕ್ಕಿತು? ಇದನ್ನೆಲ್ಲ ಮನೆಯ ಚಾವಡಿಯಲ್ಲಿ ಕೂತು ಉಮ್ಮನ ಹತ್ತಿರ ಬ್ಯಾರಿ ಭಾಷೆಯಲ್ಲೇ ಕೇಳಬಲ್ಲವರು ಇದ್ದರೆ ವರದಿಯೇ ಬೇರೆಯಾದೀತು. ಬಾಲಮಂದಿರದ ಆಪ್ತಸಮಾಲೋಚನೆ, ಜೈಲಿನ ಕಲ್ಯಾಣ ಕಾರ್ಯದಲ್ಲೂ ಇಂಥವರು ಬೇಕು.

ಪಾಠ ಮಾಡುವ ಆಸೆ ಇರುವವರಿಗೆ ಯುಜಿಸಿ-ನೆಟ್‌ನಲ್ಲಿ ಕ್ರಿಮಿನಾಲಜಿ ಪ್ರತ್ಯೇಕ ವಿಷಯವಾಗಿಯೇ ಇದೆ. ಅಲ್ಪಸಂಖ್ಯಾತರ ಮೌಲಾನಾ ಆಝಾದ್ ಫೆಲೋಶಿಪ್ಪನ್ನು ಕೇಂದ್ರ 2022ರಲ್ಲಿ ನಿಲ್ಲಿಸಿದ್ದರಿಂದ, ಪಿಎಚ್‌ಡಿಗೆ ಹಣ ಬೇಕಿದ್ದರೆ ನೆಟ್‌ನ ಜೆಆರ್‌ಎಫ್ ಮೇಲೆ ಕಣ್ಣಿಡಬೇಕು. ಫೀಸು ಕಟ್ಟುವ ಮೊದಲು ನಿಮ್ಮ ಪದವಿಗೆ ಸೀಟು ಸಿಗುತ್ತದೋ ಎಂದು ಕಾಲೇಜಿನ ಕಚೇರಿಯಲ್ಲೇ ಕೇಳಿಕೊಳ್ಳಿ.