ಮಕ್ಕಳಿಗೆ ನ್ಯಾಯ ತೋರಿಸುವುದು ಹೇಗೆ?



ನಾವೆಲ್ಲ ಶಾಲೆಯಲ್ಲಿ ಪೌರನೀತಿ ಓದಿದ್ದು ಹೇಗೆಂದು ಒಮ್ಮೆ ನೆನಪಿಸಿಕೊಳ್ಳಿ. ಸಮಾಜ ಪುಸ್ತಕದ ಕೊನೆಯಲ್ಲಿ ಒಂದಷ್ಟು ಪುಟ. ರಾಜ್ಯಸಭೆಯ ಗರಿಷ್ಠ ಸದಸ್ಯರು 250, ರಾಷ್ಟ್ರಪತಿಯಾಗಲು ಕನಿಷ್ಠ ವಯಸ್ಸು 35. ಎರಡು ಅಂಕದ ಪ್ರಶ್ನೆ, ಬಾಯಿಪಾಠದ ಉತ್ತರ. ಪರೀಕ್ಷೆ ಮುಗಿದ ದಿನವೇ ಪೌರನೀತಿಯೂ ಮುಗಿಯುತ್ತಿತ್ತು.

ಇಲ್ಲಿ ನಮ್ಮ ಮಕ್ಕಳ ಪಾಡು ಬೇರೆ. ವಾಷಿಂಗ್ಟನ್ ರಾಜ್ಯ 2018ರಲ್ಲಿ ಮಾಡಿದ ಕಾನೂನಿನಿಂದಾಗಿ 2020-21ರಿಂದ ಹೈಸ್ಕೂಲಿನಲ್ಲಿ ಸಿವಿಕ್ಸ್ ಅರ್ಧ ಕ್ರೆಡಿಟ್ಟಿನ ಪ್ರತ್ಯೇಕ ವಿಷಯವಾಯಿತು. ಕೆನ್ಮೋರಿನ ನಮ್ಮ ಮನೆಯಲ್ಲಿ ಕಂಡಂತೆ, ಹೋಂವರ್ಕ್ ಎಂದರೆ ಪುಸ್ತಕಕ್ಕಿಂತ ವಿಡಿಯೋಗಳೇ ಜಾಸ್ತಿ. ಮಗಳ ಪಕ್ಕದಲ್ಲಿ ಕೂತು ನೋಡುತ್ತಾ ನನಗೇ ಇದರ ಹುಚ್ಚು ಹಿಡಿಯಿತು. ಬಳಗದಲ್ಲಿ ಹಲವರು "ಏನು ತೋರಿಸಬೇಕು ಸ್ವಾಮಿ?" ಎಂದು ಕೇಳುತ್ತಿರುವುದರಿಂದ ಈ ಬರಹ.

ಈ ದೇಶದ ಮಟ್ಟಿಗೆ ಇಂಥ ವಿಡಿಯೋಗಳ ಅಜ್ಜ ಎಂದರೆ 'ಸ್ಕೂಲ್‌ಹೌಸ್ ರಾಕ್'. 1973ರಿಂದ ಎಬಿಸಿ ವಾಹಿನಿಯಲ್ಲಿ ಶನಿವಾರ ಬೆಳಿಗ್ಗೆ ಕಾರ್ಟೂನುಗಳ ನಡುವೆ ಬರುತ್ತಿದ್ದ ಮೂರು ನಿಮಿಷದ ಹಾಡುಗಳು. ಇದರ ಮೂಲ ಪುರುಷ ಒಬ್ಬ ಜಾಹೀರಾತು ಕಂಪನಿಯ ಯಜಮಾನ, ಡೇವಿಡ್ ಮೆಕಾಲ್. ಅವರ ಮಗನಿಗೆ ಮಗ್ಗಿ ನೆನಪಿರುತ್ತಿರಲಿಲ್ಲ, ಆದರೆ ರಾಕ್ ಹಾಡುಗಳೆಲ್ಲ ಕಂಠಪಾಠ. ಹಾಗಿದ್ದರೆ ಮಗ್ಗಿಯನ್ನೇ ಹಾಡು ಮಾಡೋಣ ಎಂದು ಹೊರಟದ್ದು ಮುಂದೆ ಸಂವಿಧಾನಕ್ಕೂ ಬಂತು. 1976ರ 'ಐ ಆಮ್ ಜಸ್ಟ್ ಎ ಬಿಲ್' ಹಾಡಿನಲ್ಲಿ ಸುರುಳಿ ಸುತ್ತಿದ ಒಂದು ಮಸೂದೆ ಸಂಸತ್ತಿನ ಮೆಟ್ಟಿಲ ಮೇಲೆ ಕೂತು ತನ್ನ ಕಥೆ ಹೇಳಿಕೊಳ್ಳುತ್ತದೆ. ಶಾಲಾ ಬಸ್ಸುಗಳು ರೈಲು ಹಳಿ ದಾಟುವ ಮೊದಲು ನಿಲ್ಲಬೇಕು ಎಂಬುದು ಆ ಮಸೂದೆ. ಸಮಿತಿ, ಎರಡು ಸದನ, ಅಧ್ಯಕ್ಷರ ಸಹಿ, ಆಮೇಲೆ ಕಾನೂನು.

ಹಾಡು ಚೆನ್ನಾಗಿದೆ, ಚಿಕ್ಕ ಮಕ್ಕಳಿಗೆ ಖಂಡಿತ ತೋರಿಸಿ. ಆದರೆ ನಮ್ಮ ಕಸುಬಿನ ಭಾಷೆಯಲ್ಲಿ ಹೇಳುವುದಾದರೆ ಅದು ಬರೀ ಫ್ಲೋಚಾರ್ಟ್. ಎಲ್ಲ ಸರಿಯಾಗಿ ನಡೆದರೆ ಪ್ರೋಗ್ರಾಮ್ ಹೇಗೆ ಓಡುತ್ತದೆ ಎಂಬುದಷ್ಟೇ ಅದರಲ್ಲಿದೆ. ಎಲ್ಲ ಹಂತಗಳನ್ನೂ ಕ್ರಮವಾಗಿ ದಾಟಿ ಬಂದ ಕಾನೂನೇ ಅನ್ಯಾಯವಾಗಿದ್ದರೆ? ಮಕ್ಕಳಿಗೆ ಈ ಪ್ರಶ್ನೆ ಬೇಗ ಹೊಳೆಯುತ್ತದೆ. ಆಟದಲ್ಲಿ "ಇದು ಮೋಸ!" ಎಂದು ಕೂಗುವ ಐದು ವರ್ಷದ ಮಗು ನಿಯಮ ಮುರಿದದ್ದಕ್ಕೆ ಮಾತ್ರ ಹಾಗೆ ಕೂಗುವುದಿಲ್ಲ, ನಿಯಮವೇ ಸರಿಯಿಲ್ಲದಿದ್ದಾಗಲೂ ಕೂಗುತ್ತದೆ.

ಆ ಪ್ರಶ್ನೆಗೆ ನಮ್ಮೂರಿನ ಪಕ್ಕದಲ್ಲೇ ಒಂದು ಭಂಡಾರವಿದೆ. ಸಿಯಾಟಲ್‌ನ 'ಡೆನ್ಶೋ'. ಜಪಾನೀ ಭಾಷೆಯ ಈ ಮಾತಿಗೆ ಮುಂದಿನ ಪೀಳಿಗೆಗೆ ದಾಟಿಸುವುದು ಎಂದರ್ಥ. 1996ರಲ್ಲಿ ಇದನ್ನು ಕಟ್ಟಿದವರಲ್ಲಿ ಮುಖ್ಯರಾದ ಟಾಮ್ ಇಕೆಡಾ ಅದಕ್ಕೆ ಮೊದಲು ಮೈಕ್ರೋಸಾಫ್ಟ್‌ನಲ್ಲಿದ್ದವರು. (ನಮ್ಮವರು ಅಲ್ಲಿಂದ ಹೊರಬಂದು ಸ್ಟಾರ್ಟಪ್ ಮಾಡುತ್ತೇವೆ, ಅವರು ನೆನಪುಗಳನ್ನು ಕಾಪಾಡಲು ಹೊರಟರು.) ಎರಡನೆಯ ಮಹಾಯುದ್ಧದಲ್ಲಿ ಶಿಬಿರಗಳಿಗೆ ತಳ್ಳಲ್ಪಟ್ಟ ಜಪಾನೀ ಅಮೆರಿಕನ್ನರನ್ನು ಕ್ಯಾಮೆರಾದ ಮುಂದೆ ಕೂರಿಸಿ, ಗಂಟೆಗಟ್ಟಲೆ ಮಾತಾಡಿಸಿ, ನೂರಾರು ಸಂದರ್ಶನಗಳನ್ನು ಎಲ್ಲರಿಗೂ ಉಚಿತವಾಗಿ ಸಿಗುವಂತೆ ಮಾಡಿದ್ದಾರೆ.

ಹಿನ್ನೆಲೆ ಇಷ್ಟು. 1942ರ ಫೆಬ್ರವರಿ 19ರಂದು ಅಧ್ಯಕ್ಷ ರೂಸ್‌ವೆಲ್ಟ್ 9066ನೇ ಆದೇಶಕ್ಕೆ ಸಹಿ ಹಾಕಿದರು. ಅದರಲ್ಲಿ 'ಜಪಾನೀಯರು' ಎಂಬ ಪದವೇ ಇಲ್ಲ. ಸೈನ್ಯವು ಬೇಕಾದ ಪ್ರದೇಶದಿಂದ ಬೇಕಾದವರನ್ನು ಹೊರಹಾಕಬಹುದು ಎಂದಷ್ಟೇ ಇದೆ. ಮೊದಲು ಹೊರಟವರು ನಮ್ಮೆದುರಿನ ಬೇನ್‌ಬ್ರಿಜ್ ದ್ವೀಪದವರು. ಆರು ದಿನಗಳ ಗಡುವು, ಕೈಯಲ್ಲಿ ಹೊರಬಹುದಾದಷ್ಟು ಸಾಮಾನು. ಮಾರ್ಚ್ 30ರಂದು 227 ಜನ ಫೆರ್ರಿ ಹತ್ತಿದರು. ಸಿಯಾಟಲ್‌ನವರನ್ನು ಕರೆದೊಯ್ದದ್ದು ಪ್ಯುಯಾಲಪ್ಪಿನ ಜಾತ್ರೆ ಮೈದಾನಕ್ಕೆ. ಪ್ರತಿ ಸೆಪ್ಟೆಂಬರಿನಲ್ಲಿ ನಾವು ಮಕ್ಕಳನ್ನು ಜಯಂಟ್ ವೀಲ್ ಹತ್ತಿಸುವ ಅದೇ ಮೈದಾನ! ಒಟ್ಟು ಸುಮಾರು 1,20,000 ಜನ; ಅವರಲ್ಲಿ ಮೂರರಲ್ಲಿ ಎರಡು ಪಾಲು ಇಲ್ಲೇ ಹುಟ್ಟಿದ ಪ್ರಜೆಗಳು, ಅಂದರೆ ನಮ್ಮ ಮಕ್ಕಳಂಥವರು.

ಈ ಸಂಗ್ರಹದಲ್ಲಿ ಗಾರ್ಡನ್ ಹಿರಾಬಯಾಷಿ ಅವರ ಸಂದರ್ಶನಗಳನ್ನು ತಪ್ಪದೆ ನೋಡಿ. 1918ರಲ್ಲಿ ಸಿಯಾಟಲ್‌ನಲ್ಲಿ ಹುಟ್ಟಿ, ಯೂನಿವರ್ಸಿಟಿ ಆಫ್ ವಾಷಿಂಗ್ಟನ್ನಿನಲ್ಲಿ ಓದುತ್ತಿದ್ದ ಹುಡುಗ. ಜಪಾನೀ ಮೂಲದವರು ರಾತ್ರಿ ಎಂಟರ ನಂತರ ಹೊರಗೆ ಬರಬಾರದು ಎಂಬ ಕರ್ಫ್ಯೂವನ್ನು ಮುರಿದು, ಶಿಬಿರಕ್ಕೂ ಹೋಗುವುದಿಲ್ಲ ಎಂದು ತಾನೇ ಎಫ್‌ಬಿಐ ಕಚೇರಿಗೆ ಹೋಗಿ ಹೇಳಿದ. 1943ರಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ಅವನ ವಿರುದ್ಧ ತೀರ್ಪು ಕೊಟ್ಟಿತು. ಅರಿಜೋನಾದ ಶಿಬಿರ-ಜೈಲಿಗೆ ಕಳಿಸಲು ಸರಕಾರದ ಬಳಿ ದುಡ್ಡಿಲ್ಲವಂತೆ! ಸರಿ, ದಾರಿಯಲ್ಲಿ ಸಿಕ್ಕವರ ಕಾರು ಹತ್ತಿ ಹೋದ. ಅಲ್ಲಿ ತಲುಪಿದರೆ ಅವನ ಕಾಗದಪತ್ರವೇ ಸಿಗಲಿಲ್ಲ. ಮನೆಗೆ ಹೋಗು ಎಂದರು, ಈತ ಒಪ್ಪಲಿಲ್ಲ. ಹಾಗಾದರೆ ನಾವು ಹುಡುಕುವಷ್ಟರಲ್ಲಿ ಒಂದು ಸಿನೆಮಾ ನೋಡಿ ಬಾ ಎಂದರು. ಇದನ್ನು ಕೇಳಿ ಮಕ್ಕಳು ಬಿದ್ದು ಬಿದ್ದು ನಗುತ್ತಾರೆ. ನಗು ನಿಂತ ಮೇಲೆ ಒಂದು ಪ್ರಶ್ನೆ ಬರುತ್ತದೆ: "ಅಪ್ಪಾ, ಓಡಿಹೋಗಬಹುದಿತ್ತಲ್ಲ, ಯಾಕೆ ಹೋಗಲಿಲ್ಲ?" ಈ ಒಂದು ಪ್ರಶ್ನೆಗೋಸ್ಕರವಾದರೂ ಆ ವಿಡಿಯೋ ನೋಡಬೇಕು.

1980ರ ದಶಕದಲ್ಲಿ ಹಳೆಯ ಕಡತಗಳು ಹೊರಬಂದವು. ಸರಕಾರ ತನ್ನ ವಾದಕ್ಕೆ ವಿರುದ್ಧವಾದ ದಾಖಲೆಯನ್ನು ನ್ಯಾಯಾಲಯದಿಂದ ಮುಚ್ಚಿಟ್ಟಿತ್ತು ಎಂದು ತಿಳಿಯಿತು. 1987ರಲ್ಲಿ ಹಿರಾಬಯಾಷಿಯವರ ಶಿಕ್ಷೆ ರದ್ದಾಯಿತು. 1988ರ ಕಾಯಿದೆ ಬದುಕಿದ್ದ ಪ್ರತಿಯೊಬ್ಬ ಸಂತ್ರಸ್ತರಿಗೂ ಕ್ಷಮಾಪಣೆ ಮತ್ತು 20,000 ಡಾಲರ್ ಕೊಟ್ಟಿತು.

ಇದನ್ನು ನೋಡಿ ನಮ್ಮ ಮಕ್ಕಳು "ಇಂಡಿಯಾದಲ್ಲಿ ಹೀಗೆ ಆಗಿತ್ತಾ?" ಎಂದು ಕೇಳಿದರೆ ಉತ್ತರ ತಯಾರಿರಲಿ. ಇಲ್ಲಿ ನನಗೆ ಬಹಳ ಇಷ್ಟವಾದ ಒಂದು ಕೊಂಡಿಯಿದೆ. ಹಿರಾಬಯಾಷಿ ವಿರುದ್ಧ ತೀರ್ಪಿತ್ತ ಒಂಬತ್ತು ನ್ಯಾಯಮೂರ್ತಿಗಳಲ್ಲಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಒಬ್ಬರು. 1947ರಲ್ಲಿ ಸಂವಿಧಾನ ರಚನಾ ಸಭೆಯ ಸಲಹೆಗಾರರಾಗಿದ್ದ ನಮ್ಮ ಮಂಗಳೂರಿನ ಬೆನಗಲ್ ನರಸಿಂಗ ರಾಯರು ಅಮೆರಿಕೆಗೆ ಬಂದು ಅವರನ್ನು ಕಂಡರು. 'ಡ್ಯೂ ಪ್ರೋಸೆಸ್' ಎಂಬ ಮಾತು ನ್ಯಾಯಾಧೀಶರಿಗೆ ಅತಿಯಾದ ಅಧಿಕಾರ ಕೊಡುತ್ತದೆ, ಬೇಡ ಎಂಬುದು ಫ್ರಾಂಕ್‌ಫರ್ಟರ್ ಸಲಹೆ. ಕೊನೆಗೆ ನಮ್ಮ 21ನೇ ವಿಧಿಯಲ್ಲಿ ಉಳಿದದ್ದು 'ಕಾನೂನು ವಿಧಿಸಿದ ಕ್ರಮದ ಪ್ರಕಾರ' ಎಂಬ ಅರ್ಥದ ಮಾತು. ಶ್ಯಾಮ್ ಬೆನಗಲ್ ನಿರ್ದೇಶಿಸಿ 2014ರಲ್ಲಿ ರಾಜ್ಯಸಭಾ ಟಿವಿಯಲ್ಲಿ ಬಂದ 'ಸಂವಿಧಾನ್' ಎಂಬ ಹತ್ತು ಕಂತುಗಳ ಸರಣಿ ಆ ಸಭೆಯ ಚರ್ಚೆಗಳನ್ನೇ ನಾಟಕವಾಗಿಸಿದೆ. ಹಿಂದಿಯಲ್ಲಿದೆ, ನಿಧಾನವಾಗಿದೆ, ಒಂದೊಂದೇ ಕಂತು ನೋಡಿ, ನಡುವೆ ನಿಲ್ಲಿಸಿ ಕನ್ನಡದಲ್ಲಿ ಮಾತಾಡಿ. ಮಕ್ಕಳ ಕನ್ನಡವೂ ಒಂದಿಷ್ಟು ಸುಧಾರಿಸುತ್ತದೆ.

ಮುಂದೆ 1975ರಲ್ಲಿ ತುರ್ತುಪರಿಸ್ಥಿತಿ. ಅಡ್ವಾಣಿ, ಮಧು ದಂಡವತೆ ಮೊದಲಾದವರು ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ. 'ಸಂಸ್ಕಾರ' ಚಿತ್ರದ ಚಂದ್ರಿ, ಸ್ನೇಹಲತಾ ರೆಡ್ಡಿ, ಅದೇ ಜೈಲಿನಲ್ಲಿ ಆಸ್ತಮಾದಿಂದ ಬಳಲಿ, ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿ 20ರಂದು ತೀರಿಕೊಂಡರು. ಬಂಧಿತರು ಕೋರ್ಟಿಗೆ ಬರಬಹುದು ಎಂದು ಕರ್ನಾಟಕವೂ ಸೇರಿ ಒಂಬತ್ತು ಹೈಕೋರ್ಟುಗಳು ಹೇಳಿದ್ದವು. 1976ರಲ್ಲಿ ಸುಪ್ರೀಂ ಕೋರ್ಟ್ 21ನೇ ವಿಧಿಯೇ ಅಮಾನತಿನಲ್ಲಿರುವಾಗ ಬರುವಂತಿಲ್ಲ ಎಂದಿತು. ಐವರಲ್ಲಿ ಎಚ್.ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ. ಮರುವರ್ಷ ಅವರಿಗೆ ಮುಖ್ಯ ನ್ಯಾಯಮೂರ್ತಿ ಪದವಿ ತಪ್ಪಿತು. ಆ ತೀರ್ಪು ರದ್ದಾದದ್ದು 2017ರಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಎಂಬತ್ತು ದಾಟಿದ ಮೇಲೆ ಹೂಡಿದ ಆಧಾರ್ ಮೊಕದ್ದಮೆಯಲ್ಲಿ. ಹಳೆಯ ತೀರ್ಪನ್ನು ತಪ್ಪೆಂದು ಬರೆದವರು ಡಿ.ವೈ. ಚಂದ್ರಚೂಡ್, ಅದಕ್ಕೆ ಸಹಿ ಹಾಕಿದ್ದವರಲ್ಲಿ ಅವರ ತಂದೆಯೂ ಒಬ್ಬರು. ಅಪ್ಪನ ತಪ್ಪನ್ನು ಮಗ ತಿದ್ದುವುದು ನಮ್ಮ ಮಕ್ಕಳಿಗೆ ಬಹಳ ಹಿಡಿಸುತ್ತದೆ, ಯಾಕೆಂದು ನಾನು ಹೇಳಬೇಕಿಲ್ಲ.

ಇನ್ನು ಹೈಸ್ಕೂಲು ಮಕ್ಕಳಿಗೆ ನಿಜವಾದ ಕಲಾಪವನ್ನೇ ತೋರಿಸಿ. ಒಲಿಂಪಿಯಾದ ಟಿವಿಡಬ್ಲ್ಯೂ 1995ರಿಂದ ರಾಜ್ಯದ ಶಾಸನಸಭೆಯನ್ನು ಮೊದಲಿನಿಂದ ಕೊನೆಯವರೆಗೆ ಚಿತ್ರಿಸುತ್ತಾ ಬಂದಿದೆ, ರಾಜ್ಯದ ಸುಪ್ರೀಂ ಕೋರ್ಟಿನ ವಾದಗಳೂ ಅಲ್ಲಿವೆ. ಮೊದಲಿಗೆ ಮೆಕ್ಲಿಯರಿ ಪ್ರಕರಣ ಒಳ್ಳೆಯದು. ಶಾಲೆಗಳಿಗೆ ಸಾಕಷ್ಟು ಹಣ ಕೊಡುತ್ತಿಲ್ಲ ಎಂದು 2012ರಲ್ಲಿ ತೀರ್ಪು, ಶಾಸನಸಭೆ ಮೀನಮೇಷ ಎಣಿಸಿದ್ದಕ್ಕೆ 2015ರ ಆಗಸ್ಟ್‌ನಿಂದ ದಿನಕ್ಕೆ 1,00,000 ಡಾಲರ್ ದಂಡ, ಮುಗಿದದ್ದು 2018ರಲ್ಲಿ. ಸರಕಾರ ದಂಡ ಕಟ್ಟುವುದು ಯಾರ ಜೇಬಿನಿಂದ, ಯಾರ ಜೇಬಿಗೆ? ಕೇಳಿ ನೋಡಿ.

ಕರ್ನಾಟಕ ಹೈಕೋರ್ಟಿನ ಕಲಾಪವೂ ಈಗ ಯೂಟ್ಯೂಬಿನಲ್ಲಿ ನೇರವಾಗಿ ಬರುತ್ತದೆ. 2022ರ ಹಿಜಾಬ್ ವಿಚಾರಣೆಯನ್ನು ಇಲ್ಲಿ ನಿದ್ದೆಗೆಟ್ಟು ನೋಡಿದವರಿದ್ದಾರೆ. ಒಂದೇ ಎಚ್ಚರಿಕೆ: ಮೂವತ್ತು ಸೆಕೆಂಡಿನ ತುಣುಕು ಬೇಡ. 2024ರ ಸೆಪ್ಟೆಂಬರಿನಲ್ಲಿ ನ್ಯಾಯಮೂರ್ತಿಯೊಬ್ಬರ ಮಾತಿನ ತುಣುಕುಗಳು ಹರಿದಾಡಿ, ಸುಪ್ರೀಂ ಕೋರ್ಟೇ ಮಧ್ಯೆ ಬರಬೇಕಾಯಿತು.

ಇದೆಲ್ಲ ಪಠ್ಯದ ವಿಷಯ ಮಾತ್ರವಲ್ಲ. 2025ರ ಜನವರಿಯಲ್ಲಿ, ಎಚ್-1ಬಿಯಂಥ ತಾತ್ಕಾಲಿಕ ವೀಸಾದಲ್ಲಿರುವವರಿಗೆ ಇಲ್ಲಿ ಹುಟ್ಟುವ ಮಕ್ಕಳಿಗೆ ಪೌರತ್ವ ಇಲ್ಲ ಎಂಬ ಅಧ್ಯಕ್ಷರ ಆದೇಶ ಬಂದಾಗ ಬಳಗದ ಎಷ್ಟು ಮನೆಗಳಲ್ಲಿ ನಿದ್ದೆ ಕೆಟ್ಟಿತ್ತೆಂದು ನಿಮಗೆ ಗೊತ್ತು. ಮೂರನೆಯ ದಿನ, 23ರಂದು, ಅದನ್ನು ಮೊದಲು ತಡೆದದ್ದು ಸಿಯಾಟಲ್‌ನ ಫೆಡರಲ್ ನ್ಯಾಯಾಧೀಶ ಜಾನ್ ಕಫೆನೋರ್. ಆ ಪ್ರಶ್ನೆ ಮುಂದೆ ಸುಪ್ರೀಂ ಕೋರ್ಟಿನವರೆಗೂ ಹೋಯಿತು.  ಮೇಲಿನ ಒಂಬತ್ತನೇ ಸರ್ಕ್ಯೂಟಿನ ವಾದಗಳು ಯೂಟ್ಯೂಬಿನಲ್ಲಿ ಸಿಗುತ್ತವೆ. ಎರಡೂ ಪಕ್ಷದ ವಾದ ಮುಗಿದ ಕೂಡಲೇ ವಿಡಿಯೋ ನಿಲ್ಲಿಸಿ, ತೀರ್ಪು ಹೇಳುವ ಮೊದಲು ಮಕ್ಕಳ ಕೈಗೆ ಕಾಗದ ಕೊಡಿ: ಸರಕಾರದ ಪರ ವಕೀಲರು ಹೇಳಿದ್ದರಲ್ಲಿ ನಿನಗೆ ಸರಿಯೆನಿಸಿದ ಒಂದು ಮಾತು ಬರೆ. ನಮ್ಮ ಮನೆಯಲ್ಲಿ ಅದಕ್ಕೆ ಇಪ್ಪತ್ತು ನಿಮಿಷ ಹಿಡಿಯಿತು, ನನಗೆ ಇನ್ನೂ ಹೆಚ್ಚು.