ಒಂದೇ ಕೋಳಿಯ ಕಾಯಿಲೆ

ಕೋಳಿಗೆ ಕಾಯಿಲೆಯಾಗಿದೆ ಎಂದು ನಗರದಲ್ಲಿ ಯಾರಿಗಾದರೂ ಹೇಳಿ ನೋಡಿ. ಎಷ್ಟು ಕೋಳಿಗಳಿಗೆ ಎಂಬುದು ಮೊದಲ ಪ್ರಶ್ನೆ. ಒಂದಕ್ಕೆ ಎಂದರೆ, ಅದರ ಬೆಲೆ ಎಷ್ಟು ಎಂಬುದು ಎರಡನೆಯದು. ಚಿಕಿತ್ಸೆಯ ಖರ್ಚು ಆ ಬೆಲೆಯನ್ನು ಮೀರುವುದೆಂದು ತಿಳಿದೊಡನೆ ಮಾತು ಸಾರಿನ ಕಡೆಗೆ ತಿರುಗುತ್ತದೆ. ಬೀದಿಯಿಂದ ಎತ್ತಿ ತಂದ ನಾಯಿಮರಿಯನ್ನು ವೈದ್ಯರಲ್ಲಿಗೆ ಒಯ್ಯುವವರನ್ನು ಯಾರೂ ಹೀಗೆ ಕೇಳುವುದಿಲ್ಲ. ನಾಯಿಗೆ ಬೆಲೆಯಿಲ್ಲದಿರುವುದೇ ಅದರ ಭಾಗ್ಯ. ಕೋಳಿಗೆ ಕಿಲೋ ಲೆಕ್ಕದ ಬೆಲೆಯೊಂದು ಹುಟ್ಟುವಾಗಲೇ ಅಂಟಿಕೊಂಡಿರುತ್ತದೆ.

ನಮ್ಮ ಮನೆಯ ಹಿತ್ತಲಿನಲ್ಲಿ ಐದು ವರ್ಷಗಳಿಂದ ಕೆಂಪಿ ಎಂಬ ನಾಟಿ ಹೇಟೆಯೊಂದಿದೆ. ನನ್ನ ಅತ್ತಿಗೆ ಊರಿನಿಂದ ಬುಟ್ಟಿಯಲ್ಲಿ ತಂದುಕೊಟ್ಟ ಎರಡರಲ್ಲಿ ಉಳಿದದ್ದು ಇದೊಂದೇ. ಹೋದ ಮಳೆಗಾಲದಲ್ಲಿ ಅದು ಮೇವು ಬಿಟ್ಟು, ರೆಕ್ಕೆ ಇಳಿಬಿಟ್ಟು, ತುಳಸಿಕಟ್ಟೆಯ ಮಗ್ಗುಲಲ್ಲಿ ಕಣ್ಣು ಮುಚ್ಚಿ ನಿಲ್ಲತೊಡಗಿತು. ಕೊರಳಿನ ಬುಡದಲ್ಲಿ, ಎದೆಯ ಬಲಕ್ಕೆ, ನಿಂಬೆಹಣ್ಣಿಗಿಂತ ದೊಡ್ಡದೊಂದು ಗಂಟು ಕೈಗೆ ಸಿಗುತ್ತಿತ್ತು.

ಆ ಗಂಟಿರುವ ಸ್ಥಳದ ವಿಚಾರವನ್ನು ಸ್ವಲ್ಪ ಹೇಳಬೇಕು. ಕೋಳಿಗೆ ಹಲ್ಲಿಲ್ಲ. ಕೊಕ್ಕಿನಿಂದ ಕುಕ್ಕಿದ್ದೆಲ್ಲ ಹಾಗೆಯೇ ಅನ್ನನಾಳಕ್ಕೆ ಇಳಿದು, ಎದೆಗೆ ಸೇರುವ ಮುನ್ನ ತೆಳುವಾದ ಚೀಲವೊಂದರಲ್ಲಿ ತಂಗುತ್ತದೆ. ಇಂಗ್ಲಿಷಿನಲ್ಲಿ ಕ್ರಾಪ್ ಎನ್ನುವ ಇದನ್ನು ಮೇವಿನ ಚೀಲವೆಂದು ಕರೆಯೋಣ. ಕಾಳು ಅಲ್ಲಿ ನೆನೆದು ಮೆತ್ತಗಾಗಿ, ಸ್ವಲ್ಪಸ್ವಲ್ಪವಾಗಿ ಕೆಳಗಿಳಿಯುತ್ತದೆ. ಮೊದಲು ಜೀರ್ಣರಸ ಸುರಿಸುವ ಜಠರಕ್ಕೆ, ಆಮೇಲೆ ದಪ್ಪ ಸ್ನಾಯುಗಳಿಂದಾದ ಎರಡನೆಯ ಜಠರಕ್ಕೆ. ಕೋಳಿ ನುಂಗಿದ ಸಣ್ಣ ಕಲ್ಲುಗಳೇ ಅಲ್ಲಿ ಬೀಸುವ ಕಲ್ಲಿನ ಕೆಲಸ ಮಾಡುತ್ತವೆ. ಬೇಟೆಗೆ ಸುಲಭವಾಗಿ ತುತ್ತಾಗುವ ಹಕ್ಕಿಗೆ ಬಯಲಿನಲ್ಲಿ ನಿಂತು ನಿಧಾನವಾಗಿ ಉಣ್ಣಲು ವ್ಯವಧಾನವಿಲ್ಲ. ಅವಸರದಲ್ಲಿ ತುಂಬಿಕೊಂಡು, ಮರೆಗೆ ಹೋಗಿ ಅರಗಿಸಿಕೊಳ್ಳುವುದಕ್ಕೆ ಪ್ರಕೃತಿ ಕೊಟ್ಟ ಜೋಳಿಗೆ ಇದು. ಪಾರಿವಾಳಗಳಲ್ಲಂತೂ ಮರಿಗೆ ಉಣಿಸುವ 'ಹಾಲು' ಕೂಡ ಈ ಚೀಲದ ಗೋಡೆಯಲ್ಲೇ ಉತ್ಪತ್ತಿಯಾಗುತ್ತದೆ. ಎದೆಹಾಲಿಗೆ ಕಾರಣವಾದ ಪ್ರೊಲ್ಯಾಕ್ಟಿನ್ ಹಾರ್ಮೋನಿನ ಬಗ್ಗೆ 1930ರ ದಶಕದಲ್ಲಿ ವಿಜ್ಞಾನಿಗಳು ಮೊದಲ ಪಾಠಗಳನ್ನು ಕಲಿತದ್ದು ಪಾರಿವಾಳದ ಮೇವಿನ ಚೀಲದಿಂದಲೇ.

ಆರೋಗ್ಯವಂತ ಕೋಳಿಯ ಚೀಲ ಸಂಜೆ ಗೂಡು ಸೇರುವಾಗ ತುಂಬಿರುತ್ತದೆ, ಬೆಳಿಗ್ಗೆ ಬರಿದಾಗಿರುತ್ತದೆ. ಪರೀಕ್ಷೆ ಇಷ್ಟೇ. ಗೂಡಿನ ಬಾಗಿಲು ತೆರೆದು, ನೀರು ಕಾಳು ಮುಟ್ಟುವ ಮೊದಲು ಕೈಯಿಟ್ಟು ನೋಡಬೇಕು. ಬೆಳಿಗ್ಗೆಯೂ ಗಟ್ಟಿ ಉಂಡೆಯಾಗಿ ಉಳಿದಿದ್ದರೆ ಉದ್ದನೆಯ ಹುಲ್ಲೋ, ನಾರೋ, ದಾರವೋ ಒಳಗೆ ಸುತ್ತಿಕೊಂಡಿದೆ ಎಂದು ಊಹಿಸಬಹುದು. ನೀರು ತುಂಬಿದ ಬಲೂನಿನಂತೆ ಮೆತ್ತಗಿದ್ದು, ಬಾಯಿಂದ ಹುಳಿ ನಾತ ಬರುತ್ತಿದ್ದರೆ ಒಳಗಿನ ಮೇವು ಕೊಳೆತು ಕ್ಯಾಂಡಿಡಾ ಎಂಬ ಶಿಲೀಂಧ್ರ ಬೆಳೆದಿದೆ ಎಂದು ಅನುಮಾನಿಸಬೇಕು. ಮೊದಲನೆಯದು ವಾಸಿಯಾಗದೆ ಎರಡನೆಯದಕ್ಕೆ ದಾರಿ ಮಾಡಿಕೊಡುವುದೂ ಉಂಟು. ಇನ್ನು ಕೆಲವೊಮ್ಮೆ ಚೀಲದಲ್ಲಿ ದೋಷವೇ ಇರುವುದಿಲ್ಲ. ಕೆಳಗೆಲ್ಲೋ ದಾರಿ ಕಟ್ಟಿರುತ್ತದೆ, ಜಂತು ತುಂಬಿರುತ್ತದೆ, ಅಥವಾ ಕೊಕ್ಕರೆ ರೋಗದಂತಹ ಸಾಂಕ್ರಾಮಿಕ ಬಡಿದಿರುತ್ತದೆ. ಆದ್ದರಿಂದ ಗಂಟು ಸಿಕ್ಕಿತೆಂದ ಮಾತ್ರಕ್ಕೆ ಕಾಯಿಲೆ ಸಿಕ್ಕಿತೆಂದು ತಿಳಿಯುವಂತಿಲ್ಲ.

ಇದನ್ನೆಲ್ಲ ಬಲ್ಲವರು ಬೇಕಿತ್ತು. ನಾನು ಮೊದಲು ಹೋದ ಚಿಕಿತ್ಸಾಲಯದಲ್ಲಿ ಹವಾನಿಯಂತ್ರಿತ ಕೋಣೆಯಿತ್ತು, ನಾಯಿಗಳ ರಕ್ತ ಪರೀಕ್ಷೆಗೆ ಯಂತ್ರವಿತ್ತು. ಕೋಳಿ ನೋಡುವವರಿರಲಿಲ್ಲ. ಇನ್ನೊಂದೆಡೆ ಕೆಂಪಿಯನ್ನು ಬುಟ್ಟಿಯಿಂದ ಹೊರತೆಗೆಯುವ ಮೊದಲೇ ನೀರಿಗೆ ಬೆರೆಸಲು ಆಂಟಿಬಯೋಟಿಕ್ ಪುಡಿಯ ಪೊಟ್ಟಣವೊಂದನ್ನು ಬರೆದುಕೊಟ್ಟರು. ಪೊಟ್ಟಣದ ಮೇಲಿನ ಪ್ರಮಾಣ ನೂರು ಕೋಳಿಗಳಿಗೆ ಲೆಕ್ಕ ಹಾಕಿದ್ದು. ಹುಳಿ ನಾತ ಬರುತ್ತಿದ್ದ ಕೋಳಿಗೆ ಅದನ್ನು ಕೊಡಲು ನನಗೆ ಧೈರ್ಯ ಬರಲಿಲ್ಲ. ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ಔಷಧ ಶಿಲೀಂಧ್ರವನ್ನು ಕೊಲ್ಲುವುದಿಲ್ಲ. ಪೈಪೋಟಿಗಿದ್ದ ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ಅಳಿಸಿ, ಅದಕ್ಕೆ ಹುಲುಸಾಗಿ ಬೆಳೆಯಲು ಜಾಗ ಬಿಡಿಸಿಕೊಡುತ್ತದೆ.

ಈ ವೈದ್ಯರನ್ನು ಹಳಿಯುವುದರಲ್ಲಿ ಅರ್ಥವಿಲ್ಲ. ನಮ್ಮಲ್ಲಿ ಕೋಳಿಯ ವೈದ್ಯವೆಂಬುದು ಮೂಲತಃ ಹಿಂಡಿನ ವೈದ್ಯ. ರಾಣಿಖೇತ್ ಅಥವಾ ಕೊಕ್ಕರೆ ರೋಗದ ಲಸಿಕೆ ಬರುವುದು ನೂರಾರು ಕೋಳಿಗಳಿಗೆ ಸಾಲುವ ಸೀಸೆಯಲ್ಲಿ. ಒಮ್ಮೆ ಕಲಸಿದರೆ ಕೆಲವೇ ಗಂಟೆಗಳಲ್ಲಿ ಮುಗಿಸಬೇಕು. ಹತ್ತು ಸಾವಿರ ಕೋಳಿಗಳ ಶೆಡ್ಡಿನಲ್ಲಿ ನಾಲ್ಕು ಮಂಕಾದರೆ ಆ ನಾಲ್ಕನ್ನು ಕೊಯ್ದು ನೋಡುವುದೇ ರೋಗಪತ್ತೆಯ ಒಪ್ಪಿತ ಕ್ರಮ. ಉಳಿದವನ್ನು ಕಾಪಾಡಲು ಅದು ಸರಿಯಾದ ಕ್ರಮವೂ ಹೌದು. ಮಾಂಸದ ಕೋಳಿಯ ಆಯಸ್ಸು ಆರು ವಾರದ ಆಸುಪಾಸು, ಮೊಟ್ಟೆಯ ಕೋಳಿಯದು ಒಂದೂವರೆ ವರ್ಷದ ಸುತ್ತಮುತ್ತ. ಹಾಯಾಗಿ ಬಿಟ್ಟರೆ ಆರೆಂಟು ವರ್ಷ ಬದುಕಬಲ್ಲ ಹಕ್ಕಿಗೆ ನಡುವಯಸ್ಸಿನ ಕಾಯಿಲೆಗಳೂ ಇವೆ ಎಂಬುದು ಕಲಿಯುವವರ ಕಣ್ಣಿಗೆ ಬೀಳುವ ಸಂದರ್ಭವೇ ಅಪರೂಪ. ಈ ವಿಜ್ಞಾನದಲ್ಲಿ ಕೋಳಿ ಸಂಖ್ಯೆಯೇ ಹೊರತು ರೋಗಿಯಲ್ಲ.

ಹಳ್ಳಿಯಲ್ಲಿ ಹಾಗಿರಲಿಲ್ಲ. ತುಮಕೂರು ಕಡೆಯ ನಮ್ಮೂರಿನಲ್ಲಿ ಅಜ್ಜಿ ಬೆಳಗಿನ ಹೊತ್ತು ಒಂದೊಂದೇ ಕೋಳಿಯನ್ನು ಹಿಡಿದು ಕೊರಳು ಸವರಿ ಬಿಡುತ್ತಿದ್ದಳು. ಮೇವು ಕಟ್ಟಿಕೊಂಡಿದ್ದರೆ ಎರಡು ತೊಟ್ಟು ಹರಳೆಣ್ಣೆ ಬಿಟ್ಟು ನೀವುವಳು. ಅದಕ್ಕೂ ಜಗ್ಗದಿದ್ದರೆ ಪುಕ್ಕ ಕಿತ್ತು, ಬ್ಲೇಡಿನಿಂದ ಸೀಳಿ, ಒಳಗಿನದನ್ನು ತೆಗೆದು, ಬಟ್ಟೆ ಹೊಲಿಯುವ ದಾರದಿಂದಲೇ ಹೊಲಿದು ಅರಿಶಿನ ಹಚ್ಚುವಳು. ಮರಿವಳಿಕೆಯಿಲ್ಲದ ಆ ಕೆಲಸವನ್ನು ಕೊಂಡಾಡಲು ನಾನು ಸಿದ್ಧನಿಲ್ಲ, ಸತ್ತವೂ ಬಹಳ. ಹಬ್ಬ ಬಂದರೆ ಅದೇ ಕೋಳಿಯನ್ನು ಕೊಯ್ಯಲು ಅವಳ ಕೈ ನಡುಗುತ್ತಲೂ ಇರಲಿಲ್ಲ. ಆದರೆ ಬದುಕಿರುವಷ್ಟು ದಿನ ಪ್ರತಿ ಕೋಳಿಗೂ ಪ್ರತ್ಯೇಕ ಗಮನವೊಂದು ಸಲ್ಲುತ್ತಿತ್ತು. ಮುದ್ದಿನ ಪ್ರಾಣಿಗೂ ಸರಕಿಗೂ ನಡುವೆ ಇದ್ದ ಆ ಜಾಗ ನಗರದಲ್ಲಿ ಕಾಣೆಯಾಗಿದೆ.

ಕಾಣೆಯಾದದ್ದು ಜಾಗ ಮಾತ್ರ, ಕೋಳಿಗಳಲ್ಲ. 2019ರ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿದ್ದ ಸುಮಾರು 85 ಕೋಟಿ ಕೋಳಿ, ಬಾತುಗಳಲ್ಲಿ ಸುಮಾರು 31.7 ಕೋಟಿ ಹಿತ್ತಲಿನವು. 2012ರ ಗಣತಿಗೆ ಹೋಲಿಸಿದರೆ ಹಿತ್ತಲಿನ ಹಕ್ಕಿಗಳ ಸಂಖ್ಯೆ ಶೇ 45ಕ್ಕೂ ಹೆಚ್ಚು ಏರಿತ್ತು. ಬೆಂಗಳೂರಿನ ಹೆಬ್ಬಾಳದಲ್ಲೇ ರೂಪುಗೊಂಡ ಗಿರಿರಾಜ ತಳಿ ಹಿತ್ತಲಿಗೆಂದೇ ಬೆಳೆಸಿದ್ದು. ನಾಲ್ಕು, ಐದು ಕೋಳಿ ಸಾಕುವ ಹೆಣ್ಣುಮಕ್ಕಳಿಗೆ ಒಂದು ಕೋಳಿಯೆಂದರೆ ಆಸ್ತಿಯ ಕಾಲುಭಾಗ, ಐದನೇ ಒಂದು ಭಾಗ. ಒಂದೇ ಕೋಳಿಯನ್ನು ನೋಡಬಲ್ಲ ವೈದ್ಯ ನನ್ನಂತಹ ಹವ್ಯಾಸಿಗಿಂತ ಅವರಿಗೆ ಹೆಚ್ಚು ಅಗತ್ಯ.

ಕೆಂಪಿಗೆ ಕೊನೆಗೆ ಸಿಕ್ಕವರು ಗಿಣಿ, ಪಾರಿವಾಳಗಳನ್ನು ನೋಡುವ ತರುಣ ವೈದ್ಯೆ. ಅವರು ಮೊದಲು ಮಾಡಿದ ಕೆಲಸ ತೂಗಿ ನೋಡಿದ್ದು. ಪರಿಚಿತರೊಬ್ಬರು ಕೋಳಿಯನ್ನು ತಲೆಕೆಳಗಾಗಿ ಹಿಡಿದು ಚೀಲ ಹಿಂಡಲು ಸಲಹೆ ಕೊಟ್ಟಿದ್ದರೆಂದು ಹೇಳಿದಾಗ ಆಕೆ ಬಲವಾಗಿ ತಲೆಯಾಡಿಸಿದರು. ಮೇಲಕ್ಕೆ ಬಂದ ದ್ರವ ಶ್ವಾಸನಾಳಕ್ಕೆ ಇಳಿದರೆ ಕೋಳಿ ಕೈಯಲ್ಲೇ ಸಾಯುತ್ತದೆ. ಎರಡು ದಿನ ಕಾಳು ನಿಲ್ಲಿಸಿ, ನೀರು ಕೊಟ್ಟು, ಮೃದುವಾಗಿ ನೀವಿ ನೋಡಿದ್ದಾಯಿತು. ಕರಗಲಿಲ್ಲ. ಕೊಯ್ಯುವುದೇ ಸರಿ ಎಂದರು. ಮೈಯಲ್ಲಿ ಕಸುವಿಲ್ಲ, ಉಳಿಯುವ ಭರವಸೆ ಕೊಡಲಾರೆ ಎಂದೂ ಹೇಳಿದರು. ನೋವಿಲ್ಲದೆ ಪ್ರಾಣ ತೆಗೆಯುವ ಚುಚ್ಚುಮದ್ದು ಇನ್ನೊಂದು ದಾರಿ. ಆ ಹತ್ತು ನಿಮಿಷ ನನಗೂ ನನ್ನ ಹೆಂಡತಿಗೂ ಕೋಳಿಯ ಬೆಲೆ ನೆನಪಾಗಲಿಲ್ಲ. ಇನ್ನಷ್ಟು ಹಿಂಸೆಗೆ ಒಡ್ಡುವ ಹಕ್ಕು ನಮಗಿದೆಯೇ ಎಂಬುದೊಂದೇ ಕಾಡಿದ್ದು. ಕೊಯ್ಯಲಿ ಎಂದಳು ಅವಳು; ಇನ್ನೂ ನಮ್ಮ ಧ್ವನಿಗೆ ಕತ್ತು ತಿರುಗಿಸುತ್ತಿದೆಯಲ್ಲ, ಎಂದಳು.

ಶಸ್ತ್ರಚಿಕಿತ್ಸೆ ದೊಡ್ಡದಲ್ಲ. ನಮ್ಮ ಹಲ್ಲು ಕೀಳುವಾಗ ಕೊಡುವ ಲಿಗ್ನೊಕೇನನ್ನೇ ಬಹಳ ತೆಳುಮಾಡಿ, ಅಳೆದು ಚುಚ್ಚಿದರು. ಹಕ್ಕಿಗಳಿಗೆ ಅದರ ಪ್ರಮಾಣ ತಪ್ಪಿದರೆ ಅಪಾಯ. ಚರ್ಮ ಬೇರೆ, ಚೀಲ ಬೇರೆಯಾಗಿ ಸೀಳಿ, ಬೇರೆಬೇರೆಯಾಗಿಯೇ ಹೊಲಿದರು. ಒಳಗಿನಿಂದ ಬಂದದ್ದು ಹಗ್ಗದಂತೆ ಹೊಸೆದುಕೊಂಡ ಹುಲ್ಲು, ಅದರ ನಡುವೆ ಅಕ್ಕಿಚೀಲದ ಬಾಯಿ ಹೊಲಿಯುವ ಪ್ಲಾಸ್ಟಿಕ್ ದಾರ. ಶಿಲೀಂಧ್ರಕ್ಕೆ ನಿಸ್ಟಾಟಿನ್ ಕೊಟ್ಟರು. ಕರುಳಿನಿಂದ ರಕ್ತಕ್ಕೆ ಹೆಚ್ಚುಕಡಿಮೆ ಸೇರದೆ, ತಾಗಿದಲ್ಲೇ ಕೆಲಸ ಮಾಡುವ ಹಳೆಯ ಔಷಧ ಅದು.

ಆಮೇಲಿನದು ಆರೈಕೆ. ಬಚ್ಚಲುಮನೆಯಲ್ಲಿ ಬುಟ್ಟಿ, ಅದರ ಮೇಲೊಂದು ಅರವತ್ತು ವಾಟಿನ ಬಲ್ಬು. ನುಣ್ಣಗೆ ಅರೆದ ಅನ್ನ, ಬೇಯಿಸಿದ ಮೊಟ್ಟೆಯ ಹಳದಿ. ಕೋಳಿಗೆ ಮೊಟ್ಟೆ ತಿನ್ನಿಸುವುದು ವಿಚಿತ್ರವೆನಿಸಿದರೂ ಅದಕ್ಕೆ ಅದರ ಅಭ್ಯಂತರವೇನೂ ಇರಲಿಲ್ಲ. ಒಂದೇ ಸಲಕ್ಕೆ ಹೆಚ್ಚು ಕೊಟ್ಟರೆ ಹೊಲಿಗೆ ಬಿಚ್ಚುವ ಭಯವಾದ್ದರಿಂದ ಎರಡು ಗಂಟೆಗೊಮ್ಮೆ ಒಂದೊಂದು ಚಮಚ. ಮೂರನೆಯ ಬೆಳಿಗ್ಗೆ ಚೀಲ ಬರಿದಾಗಿತ್ತು. ಕೈಗೆ ಏನೂ ಸಿಗದಿದ್ದುದಕ್ಕೆ ಅಷ್ಟು ಸಂತೋಷಪಟ್ಟ ನೆನಪು ನನಗೆ ಇನ್ನೊಂದಿಲ್ಲ.

ಅದೇ ಭಾನುವಾರ ಪಕ್ಕದ ಬೀದಿಯ ಅಂಗಡಿಯಿಂದ ಒಂದು ಕಿಲೋ ಫಾರಂ ಕೋಳಿ ನಮ್ಮ ಮನೆಗೆ ಬಂದಿತು. ಸಸ್ಯಾಹಾರಿ ಮಿತ್ರರು ಇದನ್ನು ಕೇಳಿ ನಕ್ಕರು. ಅವರ ನಗುವಿಗೆ ನನ್ನಲ್ಲಿ ಉತ್ತರವಿಲ್ಲ. ಕೆಂಪಿಯ ಬಿಲ್ಲು ಅಂತಹ ಹತ್ತು ಕೋಳಿಗಳ ಬೆಲೆಯನ್ನು ಮೀರಿತ್ತು ಎಂಬುದನ್ನೂ ಮುಚ್ಚಿಡಬೇಕಾಗಿಲ್ಲ.

ಔಷಧದ ಅಂಶ ಇಳಿಯುವವರೆಗೆ ಇಟ್ಟ ಮೊಟ್ಟೆಗಳನ್ನು ತಿನ್ನಬೇಡಿ ಎಂದಿದ್ದರು ವೈದ್ಯೆ. ತಿನ್ನುವ ಪ್ರಸಂಗವೇ ಬರಲಿಲ್ಲ. ಕೆಂಪಿ ಅಂದಿನಿಂದ ಮೊಟ್ಟೆಯಿಟ್ಟಿಲ್ಲ. ಹಿತ್ತಲು ಕೆದಕುತ್ತದೆ, ಕರಿಬೇವಿನ ಬುಡದಲ್ಲಿ ಮಣ್ಣಾಡುತ್ತದೆ, ಹೊಲಿಗೆಯ ಜಾಗದಲ್ಲಿ ಪುಕ್ಕ ಸ್ವಲ್ಪ ಅಡ್ಡ ಬೆಳೆದಿದೆ. ಅಕ್ಕಿಚೀಲ ಬಿಚ್ಚುವಾಗ ದಾರವನ್ನು ಡಬ್ಬಿಗೆ ಹಾಕುವ ಅಭ್ಯಾಸ ಮನೆಮಂದಿಗೆಲ್ಲ ಬಂದಿದೆ. ಮೊಟ್ಟೆಯನ್ನು ಅಂಗಡಿಯಿಂದ ತರುತ್ತೇವೆ.